ಅತ್ತೆಗೆ ಕೊಡಿಸಿದ ರಜೆ

ವರ್ಷವಿಡೀ ಅರ್ಧ ದಿನದ ರಜೆ ಕೇಳಿದರೂ ಮುಖ ಗಂಟಿಕ್ಕುವ ಆ ಬ್ಯಾಂಕು, ವರ್ಷಕ್ಕೊಂದು ಸಲ ಮಾತ್ರ ಸೊಸೆಯನ್ನು ಕತ್ತು ಹಿಡಿದು ಮನೆಗೆ ದಬ್ಬುತ್ತಿತ್ತು. ಒಟ್ಟಿಗೆ ಎರಡು ವಾರ. ಬೇಡವೆಂದರೂ ಬಿಡುತ್ತಿರಲಿಲ್ಲ. ಆ ಎರಡು ವಾರ ಕೊರಳಿನ ಕಾರ್ಡು ಹಿಡಿದರೆ ಗಾಜಿನ ಬಾಗಿಲಲ್ಲಿ ಹಸಿರು ದೀಪ ಹತ್ತುವುದಿಲ್ಲ, ಕಂಪ್ಯೂಟರು ಗುರುತು ಹಿಡಿಯುವುದಿಲ್ಲ, ಪಕ್ಕದ ಮೇಜಿನವಳೂ ಫೋನು ಎತ್ತುವುದಿಲ್ಲ. ಇವಳ ಕುರ್ಚಿಯಲ್ಲಿ ಇನ್ಯಾರೋ ಕೂತು ಇವಳ ಕೆಲಸ ಮಾಡುತ್ತಾರೆ.

ಇದೇನು ಪ್ರೀತಿಗೆ ಕೊಡುವ ರಜೆಯಲ್ಲ. ಮೂವತ್ತು ದೇಶಗಳಲ್ಲಿ ಬಾಗಿಲು ತೆರೆದು ಕೂತ ಬ್ಯಾಂಕಿಗೆ ತನ್ನ ನೌಕರರ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ, ಇರುವುದು ಅನುಮಾನ ಒಂದೇ. ಏನನ್ನಾದರೂ ಮುಚ್ಚಿಡುವವನು ದಿನಾ ಬಂದು ಅದರ ಮೇಲೆ ಚಾಪೆ ಎಳೆಯಲೇಬೇಕು. ಅವನನ್ನು ಎರಡು ವಾರ ಹೊರಗೆ ಇಟ್ಟರೆ ಚಾಪೆಯಡಿಯ ಕಸ ತಾನಾಗಿ ಈಚೆ ಬರುತ್ತದೆ. ಎಂದೂ ರಜೆ ಹಾಕದವನ ಡ್ರಾಯರನ್ನು ಮೊದಲು ತೆಗೆದು ನೋಡು. ಇದು ಬ್ಯಾಂಕಿನ ತಪಾಸಣೆ ವಿಭಾಗದ ಮೊದಲ ಪಾಠ.

ಸೊಸೆ ಇದ್ದದ್ದು ಅದೇ ವಿಭಾಗದಲ್ಲಿ. ವ್ಯವಹಾರ ಮಾಡುವವರ ಬೆನ್ನ ಹಿಂದೆ ಕೂತು ತಪ್ಪು ಹುಡುಕುವುದು ಅವಳ ಕೆಲಸ. ಹುದ್ದೆಯ ಹೆಸರು ಉಪಾಧ್ಯಕ್ಷೆ. ಅತ್ತೆ ಇದನ್ನು ಬೀದಿಗೆಲ್ಲ ಸಾರಿದ್ದರು. ಕಿರಾಣಿ ಅಂಗಡಿಯವನಂತೂ ಅವಳನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಆ ಒಂದೇ ಮಹಡಿಯಲ್ಲಿ ಅರವತ್ತು ಜನ ಉಪಾಧ್ಯಕ್ಷರಿದ್ದಾರೆ, ಕಣ್ಣುಮುಚ್ಚಿ ಕಲ್ಲೆಸೆದರೆ ಒಬ್ಬ ಉಪಾಧ್ಯಕ್ಷನ ತಲೆಗೇ ಬೀಳುತ್ತದೆ ಎಂದು ಪಾಪ ಅವನಿಗೇನು ಗೊತ್ತು.

ಕಳೆದ ವರ್ಷ ಅವಳು ಒಬ್ಬನನ್ನು ಹಿಡಿದಿದ್ದಳು. ಏನೇನೋ ನೆಪ ಹೇಳಿ ಮೇಲಿನವರನ್ನು ಒಪ್ಪಿಸಿ, ಹನ್ನೊಂದು ವರ್ಷದಿಂದ ಈ ರಜೆಯನ್ನು ಮುಂದೂಡುತ್ತ ಬಂದಿದ್ದ ಐವತ್ತರ ಮನುಷ್ಯ. ಜ್ವರ ಬಂದರೂ ಮಫ್ಲರ್ ಸುತ್ತಿಕೊಂಡು ಬರುತ್ತಿದ್ದ, ಎಲ್ಲರೂ ನಿಷ್ಠೆ ಅಂದರೆ ಇದಪ್ಪಾ ಅನ್ನುತ್ತಿದ್ದರು. ಅವನನ್ನು ಬಲವಂತವಾಗಿ ಮನೆಗೆ ಕಳಿಸಿ ಇವಳು ಅವನ ಕುರ್ಚಿಯಲ್ಲಿ ಕೂತಳು. ಆರನೇ ದಿನ ಸಿಕ್ಕಿತು. ಎಂದೋ ಲೆಕ್ಕದಲ್ಲಿ ಮಾಡಿದ ಒಂದು ತಪ್ಪನ್ನು ಅವನು ದಿನಾ ಸಂಜೆ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ದಾಟಿಸುತ್ತ ಬಂದಿದ್ದ. ಒಂದು ಬಿಡಿಗಾಸೂ ಕದ್ದಿರಲಿಲ್ಲ. ಹೇಳಲು ಹೆದರಿದ್ದ, ಅಷ್ಟೇ. ರಜೆ ಮುಗಿಸಿ ಬಂದ ದಿನ ಅವನ ಕಾರ್ಡಿಗೆ ಹಸಿರು ದೀಪ ಹತ್ತಲಿಲ್ಲ. ಊಟದ ಡಬ್ಬಿ ಹಿಡಿದುಕೊಂಡು ಗಾಜಿನ ಬಾಗಿಲ ಹೊರಗೆ ಬಹಳ ಹೊತ್ತು ನಿಂತಿದ್ದ.

"ನಿನ್ನ ಮೂಗು ಬಹಳ ಚುರುಕು," ಎಂದಿದ್ದ ಮೇಲಧಿಕಾರಿ. ಅವಳಿಗೆ ಆ ರಾತ್ರಿ ಊಟ ಸೇರಲಿಲ್ಲ ನಿಜ. ಆದರೆ ಹೊಗಳಿಕೆ ಸಿಹಿಯಾಗಿಯೇ ಇತ್ತು.

ಈ ವರ್ಷ ಅವಳ ಸರದಿ ಬಂತು. ಮೊದಲ ದಿನ ಎಂಟು ಗಂಟೆಗೆ ಎದ್ದು, ತಲೆಗೂದಲು ಕೆದರಿಕೊಂಡೇ ಅಡುಗೆಮನೆಗೆ ಹೋದಳು. ಮಾವ ಮೇಜಿನ ಮುಂದೆ ಬ್ರೆಡ್ಡು ತಿನ್ನುತ್ತಿದ್ದರು. ಅವಳನ್ನು ನೋಡಿ ಅರ್ಧ ಎದ್ದು, "ಬನ್ನಿ, ಬನ್ನಿ. ಕೂತ್ಕೊಳ್ಳಿ. ಅಳತೆ ಕೊಡೋಕೆ ಬಂದ್ರಾ?" ಅಂದರು.

ಅಷ್ಟರಲ್ಲಿ ಅತ್ತೆ ಒಲೆಯ ಕಡೆಯಿಂದ ನಗುತ್ತ ತಿರುಗಿದರು. "ನೋಡೇ ಇವರ ತಮಾಷೆ! ವಾರದ ದಿನ ನೀನು ಮನೇಲಿರೋದು ಅಪರೂಪ ಅಲ್ವಾ, ಅದಕ್ಕೆ ಆಡಿಕೊಳ್ತಿದಾರೆ. ಸೊಸೆ ಕಣ್ರೀ, ರಜೆ ಹಾಕಿದಾಳೆ."

"ಗೊತ್ತು, ಗೊತ್ತು," ಅಂದರು ಮಾವ, ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಬದಿಗಿಡುತ್ತ.

ಮಾವ ನಲವತ್ತು ವರ್ಷ ಕೋಟು ಹೊಲಿದ ದರ್ಜಿ. ಹಳೇ ಪೇಟೆ ಬೀದಿಯಲ್ಲಿ ಅಂಗಡಿ ಇತ್ತು, ಅದನ್ನು ಮಾರಿ ಮಗನ ಮನೆ ಸೇರಿ ಆರು ವರ್ಷ. ಅತ್ತೆಗೆ ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಎಡಭುಜ ಅರ್ಧ ಇಂಚು ತಗ್ಗಾಗಿತ್ತು. ಮಾವ ಹೊಲಿದ ಕಂದು ಕೋಟು ಹಾಕಿದರೆ ಮಾತ್ರ ಅದು ಯಾರಿಗೂ ಕಾಣುತ್ತಿರಲಿಲ್ಲ. "ಈ ಭುಜ ನೆಟ್ಟಗೆ ಮಾಡೋಕೇ ಇವರು ನನ್ನ ಕಟ್ಟಿಕೊಂಡಿದ್ದು," ಎಂದು ಅತ್ತೆ ನಗಾಡುತ್ತಿದ್ದರು.

ಬ್ಯಾಂಕಿನ ಕಣ್ಣು ಮನೆಗೆ ಬಂದರೆ ಸುಮ್ಮನಿರುತ್ತದೆಯೇ? ಮೂರೇ ದಿನದಲ್ಲಿ ಸೊಸೆ ಬಹಳ ಕಂಡಳು. ಮಾವನ ಬಟ್ಟೆಯನ್ನು ಅತ್ತೆ ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿಡುತ್ತಾರೆ, ಮೊದಲು ತೊಡುವುದು ಮೊದಲು. ಮಾವನನ್ನು ಏನು ಕೇಳಿದರೂ ಉತ್ತರ ಅತ್ತೆಯದು. ನೆರೆಯವರು ಮಾವನಿಗೆಂದು ತಂದುಕೊಡುವ ಗುಂಡಿ ಕಿತ್ತ ಅಂಗಿಗಳನ್ನು ಮಾವ ಮಲಗಿದಾಗ ಅತ್ತೆಯೇ ಹೊಲಿದು, "ನಮ್ಮೋರು ಮಾಡಿಟ್ಟಿದಾರೆ," ಎಂದು ಕೊಡುತ್ತಾರೆ. ಮನೆ ತುಂಬ ದಾರದ ತುಂಡುಗಳು ಬೇರೆ. ಬಚ್ಚಲ ಬಾಗಿಲ ಹಿಡಿಗೆ ಕೆಂಪು, ಮಾವನ ಕೋಣೆಗೆ ನೀಲಿ, ಮಾವನ ಲೋಟದ ಕಿವಿಗೆ ಹಳದಿ.

"ಇದೇನು ಅತ್ತೆ?"

"ದರ್ಜಿ ಮನೇಲಿ ದಾರ ಇರದೆ ಹಗ್ಗ ಇರುತ್ತಾ?"

ಮತ್ತೆ ಆ ಬೆಳಗಿನ ಪಿಸಪಿಸ. ಸೊಸೆಗೆ ಎಲ್ಲಕ್ಕಿಂತ ಚುಚ್ಚುತ್ತಿದ್ದದ್ದು ಅದು. ದಿನಾ ಐದೂವರೆಗೆ ಅತ್ತೆ ಎರಡು ಲೋಟ ಚಹಾ ಹಿಡಿದು ಮಾವನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಅರ್ಧ ಗಂಟೆ ಒಂದೇ ಸಮನೆ ಪಿಸುಮಾತು. ಬಾಗಿಲ ಹತ್ತಿರ ಹೋದರೆ ನಿಂತುಬಿಡುತ್ತದೆ. ಮೂರು ವರ್ಷದಿಂದ ಅವಳು ಈ ಸದ್ದಿಗೇ ಎಚ್ಚರಾಗುತ್ತಿದ್ದಳು.

"ನನ್ನ ವಿಷಯ ಬಿಟ್ಟು ಅವರಿಗೆ ಇನ್ನೇನಿದೆ ಅಷ್ಟು ಗುಟ್ಟಾಗಿ ಮಾತಾಡೋಕೆ?" ಎಂದು ಗಂಡನಿಗೆ ಹೇಳಿದಳು.

ಗಂಡ ಶಾಲೆಯ ಗಣಿತದ ಮೇಷ್ಟ್ರು. ಉತ್ತರಪತ್ರಿಕೆಗಳಿಂದ ತಲೆಯೆತ್ತದೆ, "ವಯಸ್ಸಾದೋರು, ಏನೋ ಮಾತಾಡ್ಕೋತಾರೆ, ಬಿಡೇ," ಎಂದ.

"ನೀವು ಬಿಡಿ. ನಿಮ್ಮ ಬಗ್ಗೆ ಅಲ್ವಲ್ಲ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅತ್ತೆ ಮಾವನನ್ನು ಅಂಗೈಯಲ್ಲಿ ಇಟ್ಟುಕೊಂಡು ಕೈಲಾಗದ ಮಗು ಮಾಡಿಟ್ಟಿದ್ದಾರೆ, ಎಲ್ಲವೂ ತನ್ನಿಂದಲೇ ನಡೆಯಬೇಕೆಂಬ ಹಟ, ಎಂದು ಸೊಸೆ ತೀರ್ಮಾನ ಬರೆದುಬಿಟ್ಟಳು. ಕಂಡದ್ದೆಲ್ಲ ಸರಿಯಾಗಿಯೇ ಕಂಡಿತ್ತು. ಕೂಡಿದ್ದು ಮಾತ್ರ ತಪ್ಪಾಗಿತ್ತು.

ನಾಲ್ಕನೇ ದಿನ ಅತ್ತೆಯ ತಂಗಿಯ ಊರಿನಿಂದ ಫೋನು ಬಂತು. ತಂಗಿ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿದೆ, ಆಪರೇಷನ್ನು, ನೋಡಿಕೊಳ್ಳುವವರು ಯಾರೂ ಇಲ್ಲ. ರೈಲಿನಲ್ಲಿ ಒಂದು ಹಗಲಿನ ದಾರಿ. ಅತ್ತೆ ಫೋನು ಹಿಡಿದೇ ಅತ್ತರು. ಆದರೂ, "ನಂಗೆ ಬರೋಕಾಗಲ್ಲ ಕಣೆ, ಬೈಕೋಬೇಡ," ಎಂದು ಇಟ್ಟುಬಿಟ್ಟರು. ಮೂರು ವರ್ಷದ ಹಿಂದೆ ಅದೇ ತಂಗಿಯ ಮಗಳ ಮದುವೆಗೂ ಅವರು ಹೋಗಿರಲಿಲ್ಲ.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಸೊಸೆ ಶುರುಮಾಡಿದಳು. "ಹೋಗಿ ಬನ್ನಿ ಅತ್ತೆ. ನಾನಿದೀನಲ್ಲ ಮನೇಲಿ."

"ನಿಂಗೆ ಗೊತ್ತಾಗಲ್ಲ."

"ಏನು ಗೊತ್ತಾಗಲ್ಲ? ಹೇಳಿ, ಬರ್ಕೋತೀನಿ. ದೇಶ ದೇಶದ ವ್ಯವಹಾರ ನೋಡೋಳಿಗೆ ಮನೇಲಿರೋ ಒಬ್ಬ ಮಾವನ್ನ ನೋಡ್ಕೊಳ್ಳೋಕೆ ಬರಲ್ವಾ?"

"ವ್ಯವಹಾರ ಬೇರೆ, ಮನುಷ್ಯ ಬೇರೆ ಕಣೆ."

"ಮೂರು ವರ್ಷ ಆಯ್ತು ನೀವು ಈ ಮನೆ ಬಿಟ್ಟು ಒಂದು ದಿನ ಆಚೆ ಇದ್ದು. ಒಡಹುಟ್ಟಿದೋಳು ಮೂಳೆ ಮುರ್ಕೊಂಡು ಬಿದ್ದಿದಾಳೆ. ನಮ್ಮ ಬ್ಯಾಂಕಲ್ಲಿ ರಜೆ ಹಾಕದೇ ಇರೋರನ್ನ ಮೊದಲು ಅನುಮಾನ ಪಡ್ತಾರೆ. ನೀವು ಏನು ಮುಚ್ಚಿಟ್ಟಿದೀರಿ ಅತ್ತೆ?"

ನಗುತ್ತಲೇ ಕೇಳಿದಳು. ಅತ್ತೆಯ ಮುಖ ಮಾತ್ರ ಬಿಳಿಚಿಹೋಯಿತು. ಸೊಸೆ ಅದನ್ನು ನೋಡಿದಳು. ಹಾಗಾದರೆ ಬೆಳಗಿನ ಪಿಸಪಿಸ ನನ್ನ ಬಗ್ಗೆಯೇ ಎಂದುಕೊಂಡಳು.

"ಅಮ್ಮ, ಹೋಗಿ ಬಾಮ್ಮ. ಅವಳು ಹೇಳೋದು ಸರಿ," ಎಂದ ಗಂಡ.

ಆಗ ಮಾವ ಚಮಚ ಕೆಳಗಿಟ್ಟರು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುತ್ತಿದ್ದ ಹಳೆಯ ಗಟ್ಟಿ ದನಿಯಲ್ಲಿ, "ಹೋಗು. ನಾನೇನು ಎಳೇ ಮಗುನಾ?" ಅಂದರು. ಅದು ಅವರ ಒಳ್ಳೆಯ ಗಳಿಗೆಯಾಗಿತ್ತು. ಅಂಥ ಗಳಿಗೆಗಳು ಇನ್ನೂ ಇದ್ದವು, ದುರದೃಷ್ಟ.

ಅತ್ತೆ ಗಂಡನ ಮುಖವನ್ನೇ ನೋಡುತ್ತ ಕೂತರು. ಆಮೇಲೆ, "ಆಯ್ತು," ಎಂದರು.

ಮರುದಿನ ಕಂದು ಕೋಟು ಹಾಕಿಕೊಂಡು ಹೊರಟರು. ಬಾಗಿಲಲ್ಲಿ ಸೊಸೆಯ ಕೈ ಹಿಡಿದು, "ಬೆಳಿಗ್ಗೆ ಐದೂವರೆಗೆ ಚಹಾ ತಗೊಂಡು ಹೋಗು. ಇಟ್ಟು ಬಂದುಬಿಡಬೇಡ, ಪಕ್ಕದಲ್ಲಿ ಕೂತ್ಕೋ. ನೀನು ಯಾರು ಅಂತ ಹೇಳು, ನಾನು ಎಲ್ಲಿಗೆ ಹೋಗಿದೀನಿ ಅಂತ ಹೇಳು, ನಾನು ಯಾರು ಅಂತಾನೂ ಹೇಳು. ಮರೀಬೇಡ," ಎಂದರು.

"ನೀವು ಯಾರು ಅಂತ ಮಾವಂಗೆ ನಾನು ಹೇಳಬೇಕಾ?" ಸೊಸೆ ಜೋರಾಗಿ ನಕ್ಕಳು.

ಅತ್ತೆ ಬಾಯಿ ತೆರೆದರು. ಏನೋ ಹೇಳುವವರಿದ್ದರು. ಕೆಳಗೆ ಟ್ಯಾಕ್ಸಿಯವನು ಹಾರ್ನು ಹೊಡೆದ.

ಆ ಮಧ್ಯಾಹ್ನವೇ ಸೊಸೆ ಮನೆ ಹಸನು ಮಾಡಲು ನಿಂತಳು. ಬ್ಯಾಂಕಿನಲ್ಲಿ ಸಂಜೆ ಏಳುವಾಗ ಮೇಜಿನ ಮೇಲೆ ಒಂದು ಚೀಟಿಯೂ ಉಳಿಯುವಂತಿಲ್ಲ. ಉಳಿದರೆ ಕಾವಲಿನವನು ಬರೆದುಕೊಂಡು ಹೋಗುತ್ತಾನೆ. ಹದಿನಾಲ್ಕು ವರ್ಷದ ಅಭ್ಯಾಸ ಕೈಯಲ್ಲಿ ಕೂತಿತ್ತು. ಹಳೇ ಡಬ್ಬಿ ಎಸೆದಳು, ಮಾವನ ಕೋಣೆಯ ಮಂಚವನ್ನು ಕಿಟಕಿಯ ಕಡೆಗೆ ಎಳೆದಳು, ಬಟ್ಟೆ ಮಡಿಸಿ ಕಪಾಟಿಗೆ ಸೇರಿಸಿದಳು. ಕೊನೆಗೆ ಮಾವನದೇ ಕತ್ತರಿ ತೆಗೆದುಕೊಂಡು ಬಾಗಿಲುಗಳ ದಾರವನ್ನೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಳು. ಮನೆ ಈಗ ಮನೆಯ ಹಾಗೆ ಕಾಣುತ್ತಿದೆ ಎಂದು ಸಮಾಧಾನವಾಯಿತು.

ಬೆಳಿಗ್ಗೆ ಆರೂಮುಕ್ಕಾಲಿಗೆ ಚಹಾ ಇಟ್ಟು ಬಂದಳು. ಮಾವ ಕದಲದೆ ಹಾಸಿಗೆಯಲ್ಲಿ ಕೂತಿದ್ದರು.

"ಅವಳೆಲ್ಲಿ?"

"ತಂಗಿ ಮನೆಗೆ ಹೋಗಿದಾರೆ ಮಾವ. ನಾಳೆ ಬರ್ತಾರೆ."

ನಾಳೆ ಎಂದದ್ದು ಸುಮ್ಮನೆ. ಅತ್ತೆ ಬರಲು ಒಂಬತ್ತು ದಿನ ಎಂದರೆ ಮುದುಕರು ಮಂಕಾಗುತ್ತಾರೆ ಎಂದು ಒಂದು ಸಣ್ಣ ಸುಳ್ಳು. ಹತ್ತು ನಿಮಿಷಕ್ಕೆ ಮಾವ ಅಡುಗೆಮನೆಗೆ ಬಂದು ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದಳು. ತರಕಾರಿ ಹೆಚ್ಚುವಾಗ, ಬಟ್ಟೆ ಒಣಗಿಸುವಾಗ, ಮಗಳು ಗುಬ್ಬಿಯ ತಲೆ ಬಾಚುವಾಗ ಕೇಳಿದರು. ಮುಖ ನೋಡದೆಯೇ ಹೇಳಿದಳು. ತಂಗಿ ಮನೆಗೆ ಹೋಗಿದಾರೆ, ನಾಳೆ ಬರ್ತಾರೆ. ದಿನಕ್ಕೆ ಮೂವತ್ತು ನಲವತ್ತು ಸಲ. ಅತ್ತೆ ಮೂರು ವರ್ಷ ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಕಲಿಸುತ್ತಿದ್ದ ಪಾಠದ ಮೇಲೆ ಇವಳು ತನಗೇ ತಿಳಿಯದೆ ಬೇರೆ ಪಾಠ ಬರೆಯುತ್ತಿದ್ದಳು.

ಎರಡನೇ ದಿನ ಮಾವ ನಡುಮನೆಯ ಮೂಲೆಯಲ್ಲಿ ಒದ್ದೆಯಾಗಿ ನಿಂತಿದ್ದರು. ಬಚ್ಚಲ ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು.

"ಏನು ಮಾವ ಇದು!" ಎಂದು ಸೊಸೆ ರೇಗಿದಳು. ಎಪ್ಪತ್ತೈದರ ಮನುಷ್ಯ ಎರಡು ಕೈಯಿಂದ ಮುಖ ಮುಚ್ಚಿಕೊಂಡರು. ಆ ಕೈಗಳನ್ನು ನೋಡಿ ಅವಳಿಗೆ ತಾನು ರೇಗಿದ್ದಕ್ಕೆ ನಾಚಿಕೆಯಾಯಿತು. ನೆಲ ಒರೆಸುತ್ತ, ಎಲ್ಲೋ ಏನೋ ಸರಿಯಿಲ್ಲ ಎಂದು ಮೊದಲ ಸಲ ಭಯವಾಯಿತು. ಸಂಜೆ ಗಂಡನಿಗೆ ಹೇಳಿದಳು. "ಅಮ್ಮ ಇಲ್ಲ ಅಂತ ಬೇಜಾರು ಮಾಡ್ಕೊಂಡಿರಬೇಕು," ಎಂದ ಅವನು. ಗಣಿತದ ಮೇಷ್ಟ್ರು, ಆದರೆ ಎರಡಕ್ಕೆ ಎರಡು ಕೂಡಿಸುವ ಧೈರ್ಯ ಅವನಿಗೂ ಇರಲಿಲ್ಲ.

ನಾಲ್ಕನೇ ದಿನ ಸೊಸೆ ಕಿರಾಣಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮಾವ ಇರಲಿಲ್ಲ. ಬಾಗಿಲು ಹಾರುಹೊಡೆದಿತ್ತು. ಮೆಟ್ಟಿಲು, ಬೀದಿ, ಬಸ್ ನಿಲ್ದಾಣ, ಉದ್ಯಾನ ಎಲ್ಲ ಓಡಿದಳು. ಕಂಡಕಂಡವರನ್ನು ಕೇಳಿದಳು. "ಹೇಗಿದ್ದಾರೆ, ಏನು ಹಾಕಿದ್ದಾರೆ?" ಎಂದು ಕೇಳಿದವರಿಗೆ ಹೇಳಲಾಗಲಿಲ್ಲ. ಆ ಬೆಳಿಗ್ಗೆ ಮಾವ ಏನು ಹಾಕಿದ್ದರು ಎಂಬುದನ್ನೇ ಅವಳು ನೋಡಿರಲಿಲ್ಲ.

ಮೂರು ಗಂಟೆ ಕಳೆದ ಮೇಲೆ ಹಳೇ ಪೇಟೆ ಬೀದಿಯಿಂದ ಹಳೇ ಗಿರಾಕಿಯೊಬ್ಬರು ಕರೆದುಕೊಂಡು ಬಂದರು. ಮಾವನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಫೋನಿನ ಅಂಗಡಿ. ಅದರ ಮುಂದೆ ನಿಂತು, "ಬೀಗದ ಕೈ ಮನೇಲಿ ಬಿಟ್ಟುಬಂದೆ, ಹೆಂಡತಿ ತರ್ತಾಳೆ," ಎನ್ನುತ್ತ ಬಿಸಿಲಲ್ಲಿ ಕಾದಿದ್ದರಂತೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಸೊಸೆಯ ಬ್ಯಾಂಕಿನ ಬೂಟು.

ಮಗಳು ಗುಬ್ಬಿ ಶಾಲೆಯಿಂದ ಬಂದಾಗ ತಾಯಿ ನೆಲದ ಮೇಲೆ ಕೂತು ಅಳುತ್ತಿದ್ದಳು. ಎಂಟು ವರ್ಷದ ಹುಡುಗಿ ಚೀಲ ಇಳಿಸದೆ ತಾಯಿಯನ್ನೂ ಅಜ್ಜನನ್ನೂ ನೋಡಿದಳು.

"ಪಾಠ ಮಾಡ್ಲಿಲ್ವಾ?"

"ಏನು ಪಾಠ?"

"ಅಜ್ಜಿ ದಿನಾ ಬೆಳಿಗ್ಗೆ ಹೇಳಿಕೊಡ್ತಾರಲ್ಲ. 'ನಾನು ನಿಮ್ಮ ಹೆಂಡತಿ. ಇದು ನಮ್ಮ ಮನೆ. ಮಗ ಮೇಷ್ಟ್ರು. ಸೊಸೆ ಬ್ಯಾಂಕಲ್ಲಿ ದೊಡ್ಡ ಕೆಲಸ, ಬಹಳ ಬುದ್ಧಿವಂತೆ. ಮೊಮ್ಮಗಳು ಗುಬ್ಬಿ. ಕೆಂಪು ದಾರ ಬಚ್ಚಲು, ನೀಲಿ ದಾರ ನಿಮ್ಮ ಕೋಣೆ.' ಕೊನೇಲಿ ಪರೀಕ್ಷೆನೂ ಇರುತ್ತೆ. ಎಲ್ಲ ಸರಿ ಹೇಳಿದ್ರೆ ಅಜ್ಜಿ ಚಪ್ಪಾಳೆ ಹೊಡೀತಾರೆ, ಸದ್ದಾಗದ ಹಾಗೆ."

ಸೊಸೆ ಮಗಳ ತೋಳು ಹಿಡಿದಳು. "ನಂಗ್ಯಾಕೆ ಹೇಳಲಿಲ್ಲ ನೀನು?"

"ನಾನು ಒಳಗೆ ಹೋಗಿ ನೋಡ್ಬಿಟ್ಟಾಗ ಗುಟ್ಟು ಅಂದಿದ್ರು. ಗೊತ್ತಾದ್ರೆ ಅಜ್ಜನ್ನ ಎಲ್ಲಿಗೋ ಕಳಿಸಿಬಿಡ್ತಾರೆ ಅಂದಿದ್ರು."

"ಯಾರು ಕಳಿಸಿಬಿಡ್ತಾರೆ?"

ಗುಬ್ಬಿ ತಲೆ ತಗ್ಗಿಸಿದಳು. "ನೀನು."

ಆಗ ನೆನಪಾಯಿತು. ಮೂರು ವರ್ಷದ ಹಿಂದೆ, ಇದೇ ಊಟದ ಮೇಜು. ಬ್ಯಾಂಕಿನ ಗೆಳತಿಯೊಬ್ಬಳ ತಂದೆಗೆ ಮರೆವಿನ ರೋಗ ಬಂದ ವಿಷಯ ಬಂದಿತ್ತು. "ಅಂಥೋರನ್ನ ಮನೇಲಿಟ್ಕೊಂಡು ಎಲ್ಲರೂ ಸಾಯೋದಕ್ಕಿಂತ, ನೋಡಿಕೊಳ್ಳೋ ಜಾಗಕ್ಕೆ ಸೇರಿಸಿಬಿಡೋದೇ ಒಳ್ಳೇದು," ಎಂದು ಇವಳೇ ಹೇಳಿದ್ದಳು. ಹೇಳಿ, ಕೈ ತೊಳೆದು, ಮರೆತೂ ಬಿಟ್ಟಿದ್ದಳು. ಮನೆಯಲ್ಲಿ ಒಬ್ಬರು ಅದನ್ನು ಮರೆತಿರಲಿಲ್ಲ.

ಅತ್ತೆಗೆ ಫೋನು ಮಾಡಿದಾಗ ಅವರು ಕೇಳಿದ ಮೊದಲ ಮಾತು, "ದಾರ ಇದೆಯಾ?"

"ಕತ್ತರಿಸಿಬಿಟ್ಟೆ ಅತ್ತೆ." ಅಳುವಿನಲ್ಲಿ ಮಾತು ಹೊರಡಲಿಲ್ಲ. "ನಂಗೆ ಗೊತ್ತಿರ್ಲಿಲ್ಲ."

"ನಾಳೆ ಇವಳ ಆಪರೇಷನ್ನು. ಮುಗಿಸಿಕೊಂಡು ಬರ್ತೀನಿ. ಅಲ್ಲೀವರೆಗೆ ಪಾಠ ನೀನು ಹೇಳು. ಗುಬ್ಬಿಗೆ ಗೊತ್ತು, ಕೇಳ್ಕೋ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಎರಡು ದಿನ ಸೊಸೆ ಐದೂವರೆಗೆ ಎದ್ದು ಚಹಾ ಹಿಡಿದು ಮಾವನ ಪಕ್ಕ ಕೂತಳು. ಗಂಡನೂ ಬಂದು ಕೂತ. ಕಪಾಟಿನಿಂದ ರೀಲು ತೆಗೆದು ಹೊಸ ದಾರ ಕಟ್ಟಿದಳು. "ನಾನು ನಿಮ್ಮ ಸೊಸೆ, ಇವರು ನಿಮ್ಮ ಮಗ," ಎಂದಾಗ ಮಾವ, "ಸಂತೋಷ," ಎಂದು ಮರ್ಯಾದೆಯಿಂದ ತಲೆದೂಗುತ್ತಿದ್ದರು. ಹೆಂಡತಿಯ ಮಾತೆತ್ತಿದರೆ ಮಾತ್ರ ಅವರ ಮುಖ ಅರಳುತ್ತಿತ್ತು. ಪರೀಕ್ಷೆಗೆ ಕಾದ ಹುಡುಗನ ಹಾಗೆ ಥಟ್ಟನೆ ಹೇಳುತ್ತಿದ್ದರು. "ತಂಗಿ ಮನೆಗೆ ಹೋಗಿದಾಳೆ. ನಾಳೆ ಬರ್ತಾಳೆ."

ಆ ಒಂದು ಪಾಠ ಚೆನ್ನಾಗಿ ಕೂತಿತ್ತು.

ಹೋದ ಏಳನೇ ದಿನ ಸಂಜೆ ಅತ್ತೆ ಬಂದರು. ಮಗ ಚೀಲ ಹಿಡಿದು ಹಿಂದೆ ಬಂದ. ಕೋಟು ಬಿಚ್ಚದೆ ನೇರ ಮಾವನ ಕೋಣೆಗೆ ನಡೆದರು. ಸೊಸೆ ಬಾಗಿಲ ಬಳಿಯೇ ನಿಂತಳು.

ಮಾವ ಕಿಟಕಿಯ ಪಕ್ಕ ಕೂತಿದ್ದವರು ಎದ್ದು ಕುರ್ಚಿ ಎಳೆದುಕೊಟ್ಟರು. "ಕೂತ್ಕೊಳ್ಳಿ. ನನ್ನ ಹೆಂಡತಿ ಮನೇಲಿಲ್ಲ. ಚಹಾ ಕೊಡೋಣ ಅಂದ್ರೆ ಅವಳು ನಾಳೆ ಬರೋದು."

"ನಾನು ಕಣ್ರೀ. ಬಂದೆ. ನೋಡಿ ಇಲ್ಲಿ."

ಮಾವ ನೋಡಿದರು. ಮುಖದ ಮೇಲೆ ಕಣ್ಣು ನಿಲ್ಲಲಿಲ್ಲ. ಕೋಟಿನ ಮೇಲೆ ನಿಂತಿತು. ಹತ್ತಿರ ಬಂದು ಕೊರಳ ಪಟ್ಟಿಯ ಅಂಚು ಬೆರಳಿನಿಂದ ಸವರಿದರು, ಎಡಭುಜದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದರು.

"ಈ ಭುಜ ತಗ್ಗು. ಒಳಗೆ ಹತ್ತಿ ಕೊಟ್ಟು ಎತ್ತಿದಾನೆ. ಹೊರಗೆ ಒಂದು ಚೂರೂ ಗೊತ್ತಾಗಲ್ಲ. ಇಷ್ಟು ಸಮಾಧಾನವಾಗಿ ಯಾರು ಹೊಲಿದ್ರು ಇದನ್ನ?"

"ನಮ್ಮ ಮನೆಯೋರು."

"ಒಳ್ಳೇ ಕೆಲಸಗಾರ. ನಿಮ್ಮ ಮೇಲೆ ಬಹಳ ಪ್ರೀತಿ ಇರಬೇಕು." ಮಾವ ಕೈ ತೆಗೆಯದೆ ಕೇಳಿದರು. "ಇದಾರಾ ಅವರು?"

ಮಗ ಚೀಲ ಹಿಡಿದೇ ಗೋಡೆಯ ಕಡೆ ತಿರುಗಿಕೊಂಡ.

"ಇದಾರೆ," ಅಂದರು ಅತ್ತೆ.

ಮರುದಿನದಿಂದ ಅತ್ತೆ ಮತ್ತೆ ಐದೂವರೆಗೆ ಚಹಾ ಹಿಡಿದು ಹೋದರು. ಈಗ ಬಾಗಿಲು ಹಾಕಿಕೊಳ್ಳುವ ಅಗತ್ಯವಿರಲಿಲ್ಲ. "ನಾನು ನಿಮ್ಮ ಹೆಂಡತಿ," ಎಂದರೆ ಮಾವ, "ತಪ್ಪಮ್ಮ, ಹಾಗೆಲ್ಲ ಹೇಳಬಾರದು. ಅವಳು ಕೇಳಿದ್ರೆ ನೊಂದ್ಕೋತಾಳೆ," ಎಂದು ಕೈ ಎಳೆದುಕೊಳ್ಳುತ್ತಿದ್ದರು. ಮೂರನೇ ದಿನ ಅತ್ತೆ ಆ ಸಾಲನ್ನು ಬಿಟ್ಟುಬಿಟ್ಟರು. ಉಳಿದ ಪಾಠ ಮಾತ್ರ ಹೇಳಿದರು.

ಸೊಸೆ ಕ್ಷಮೆ ಕೇಳಲು ಅಡುಗೆಮನೆಗೆ ಹೋದಳು. ಅತ್ತೆ ಬಟಾಣಿ ಸುಲಿಯುತ್ತಿದ್ದರು. ಇವಳೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡಳು.

"ನಂಗೊಂದು ಮಾತು ಹೇಳಬಹುದಿತ್ತಲ್ಲ ಅತ್ತೆ."

"ಯಾರಿಗೂ ಹೇಳಬೇಡ ಅಂತ ಅವರು ಆಣೆ ಹಾಕಿಸ್ಕೊಂಡಿದ್ರು." ಅತ್ತೆ ಒಂದು ಕಾಯಿ ಬಿಡಿಸಿದರು. "ನೀನು ಕೆಟ್ಟದ್ದು ಮಾಡಬೇಕು ಅಂತ ಮಾಡಲಿಲ್ಲ, ಗೊತ್ತು. ಆದ್ರೆ ಮೂರು ವರ್ಷ ಒಂದು ದಿನ ತಪ್ಪಿಸಿರಲಿಲ್ಲ ಕಣೆ ನಾನು. ಒಂದು ದಿನ."

ಬೈದಿದ್ದರೆ ಚೆನ್ನಾಗಿತ್ತು. ಸೊಸೆ ಬಟಾಣಿಯ ಮೇಲೆ ಕಣ್ಣೀರು ಹಾಕಿದಳು. ಅತ್ತೆ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು.

ಸೋಮವಾರ ಬ್ಯಾಂಕಿನ ಗಾಜಿನ ಬಾಗಿಲಿಗೆ ಕಾರ್ಡು ಹಿಡಿದಳು. ಹಸಿರು ದೀಪ ಹತ್ತಿತು. ಕಳೆದ ವರ್ಷ ಡಬ್ಬಿ ಹಿಡಿದು ನಿಂತಿದ್ದ ಮನುಷ್ಯನ ಜಾಗದಲ್ಲಿ ಅರೆಗಳಿಗೆ ನಿಂತಳು, ಹಿಂದಿದ್ದವರು ದಾರಿ ಬಿಡಿ ಎಂದರು. ಮೇಲಧಿಕಾರಿ ನಗುತ್ತ ಎದುರು ಬಂದ. "ಎರಡು ವಾರ ನಿನ್ನ ಕುರ್ಚಿ ಜಾಲಾಡಿದ್ವಿ. ಒಂದು ತಪ್ಪೂ ಸಿಗಲಿಲ್ಲ, ಕನ್ನಡಿ ಹಾಗಿದೆ. ಮನೇಲಿ ಚೆನ್ನಾಗಿ ರೆಸ್ಟ್ ಆಯ್ತಾ?" ಅವಳು ಹೂಂ ಎಂದು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಸಂಜೆ ಮನೆಗೆ ಬಂದಾಗ ಮಾವ ಬಾಗಿಲಲ್ಲೇ ಕೂತಿದ್ದರು. ಅವರ ಹಿಂದೆ, ಎರಡು ಮಾರು ದೂರದಲ್ಲಿ, ಅತ್ತೆ ಅವರ ಅಂಗಿಗೆ ಗುಂಡಿ ಹಾಕುತ್ತಿದ್ದರು.

"ನೀವು ಹೊರಗಿಂದ ಬಂದ್ರಲ್ಲ," ಮಾವ ಕೇಳಿದರು, "ದಾರೀಲಿ ನನ್ನ ಹೆಂಡತಿ ಸಿಕ್ಕಿದಳಾ?"

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ತಲೆಯೆತ್ತಲಿಲ್ಲ, ಸೂಜಿ ಮಾತ್ರ ನಿಂತಿತ್ತು. ಊರವರ ಸುಳ್ಳನ್ನೆಲ್ಲ ಹಿಡಿಯುವವಳು ಮಾವನ ಮುಂದೆ ಮಂಡಿಯೂರಿ ಕೂತು ಅವರ ಕೈ ಹಿಡಿದಳು.

"ಸಿಕ್ಕಿದ್ರು ಮಾವ. ನಾಳೆ ಬರ್ತಾರಂತೆ."

"ಹಾಗಾದ್ರೆ ಸರಿ," ಎಂದರು ಮಾವ ನೆಮ್ಮದಿಯಿಂದ.

ಅತ್ತೆ ದಾರವನ್ನು ಹಲ್ಲಿನಿಂದ ಕಡಿದು, ಅಂಗಿ ಮಡಿಸಿ ಪಕ್ಕಕ್ಕಿಟ್ಟರು. "ಕೈಕಾಲು ತೊಳ್ಕೊಂಡು ಬಾ," ಎಂದರು ಸೊಸೆಗೆ. "ಊಟ ಆರಿಹೋಗುತ್ತೆ."